ಮೂರನೆಯ ಸಲ ಬರುತ್ತಾಳೆ

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಿವೃತ್ತರನ್ನು ಕಂಡರೆ ಸ್ವಲ್ಪ ಮರ್ಯಾದೆ, ಸ್ವಲ್ಪ ಭಯ. ಎಲ್ಲಿ ಹಳೆಯ ಪುರಾಣ ಶುರುಮಾಡಿಬಿಡುತ್ತಾರೋ ಎಂಬ ಭಯ. ಆ ಭಯ ಸುಳ್ಳಲ್ಲ, ನಾನು ಶುರುಮಾಡುತ್ತಿದ್ದೇನೆ. ಆದರೆ ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಇಲ್ಲಿ ಹುಡುಕಬೇಡಿ. ಚೆನ್ನೈನ ಒಂದು ಕಾಲೇಜಿನಲ್ಲಿ ವರ್ಷಗಟ್ಟಲೆ ಕಥೆ, ನಾಟಕ, ಪದ್ಯ ಇವುಗಳ ಆಶಯವೇನು, ಸಂಕೇತವೇನು, ಪಾತ್ರ ಹೀಗೇಕೆ ಮಾಡಿತು ಎಂದು ಮಕ್ಕಳಿಗೆ ಬಿಡಿಸಿ ಹೇಳುವುದು ನನ್ನ ಕೆಲಸವಾಗಿತ್ತು. ಅದೇ ಕೆಲಸಕ್ಕೆ ನೀವು ಬಂದಿದ್ದೀರಿ. ಅದು ನಿಜಕ್ಕೂ ಎಂಥ ಕೆಲಸವೆಂದು ನಿಮಗೆ ಯಾರೂ ಹೇಳಿರುವುದಿಲ್ಲ.

ನಮ್ಮ ಕನ್ನಡ ತರಗತಿಯಲ್ಲಿ ಕೂರುತ್ತಿದ್ದವರು ಯಾರು ಎಂಬುದನ್ನು ಮೊದಲು ಹೇಳಬೇಕು. ಮೈಸೂರು, ಹಾಸನದ ಕಡೆಯಿಂದ ಬ್ಯಾಂಕು, ರೈಲ್ವೆ, ಕಂಪನಿ ಎಂದು ವರ್ಗವಾಗಿ ಬಂದವರ ಮಕ್ಕಳು ಒಂದು ಕಡೆ. ಉಡುಪಿಯ ಸುತ್ತಿನಿಂದ ಬಂದು ಸಸ್ಯಾಹಾರಿ ಹೋಟೆಲು ನಡೆಸುವವರ, ಅಲ್ಲಿ ದುಡಿಯುವವರ ಮಕ್ಕಳು ಇನ್ನೊಂದು ಕಡೆ. ಇವರ ಜೊತೆಗೆ ಸೌಕಾರ್‌ಪೇಟೆಯಲ್ಲಿ ಅಜ್ಜನ ಕಾಲದಿಂದ ಬಟ್ಟೆ ವ್ಯಾಪಾರ ಮಾಡುವ ಮನೆಗಳವರೂ ಒಬ್ಬಿಬ್ಬರು. ಇವರದು ಅರ್ಧ ತಮಿಳು. 'ನಾನು ಪಡಿಚೆ ಮಿಸ್, ಆದ್ರೆ ಒಂದೂ ಪುರಿಯಲೆ' ಎಂದರೆ ಓದಿದೆ, ಅರ್ಥವಾಗಲಿಲ್ಲ ಎಂದು ನಾವೇ ತಿಳಿದುಕೊಳ್ಳಬೇಕು. ಎಲ್ಲರಿಗೂ ಕನ್ನಡ ಕೇಳಿದರೆ ತಿಳಿಯುತ್ತಿತ್ತು. ಓದಲು ಬರುತ್ತಿದ್ದವರು ಮಾತ್ರ ಕಡಿಮೆ. ಹೆಚ್ಚಿನವರು ಅಕ್ಷರ ಕೂಡಿಸಿ ಕೂಡಿಸಿ ಒಂದು ಸಾಲು ಮುಗಿಸುವಷ್ಟರಲ್ಲಿ ಅದರ ಹಿಂದಿನ ಸಾಲು ಮರೆತಿರುತ್ತಿದ್ದರು.

ಇಂಥವರನ್ನು ಪಾಸು ಮಾಡಿಸಲು ನಮ್ಮ ವಿಭಾಗದ ಮುಖ್ಯಸ್ಥರು ಒಂದು ದಾರಿ ಕಂಡುಕೊಂಡಿದ್ದರು. ಅವರು ಶಾಮಣ್ಣನವರು. ಒಳ್ಳೆಯ ಮನುಷ್ಯ, ಒಗೆದ ಬಿಳಿ ಅಂಗಿ, ಯಾರ ಮೇಲೂ ದನಿ ಎತ್ತಿದವರಲ್ಲ. ಪ್ರತಿ ಪಾಠಕ್ಕೂ ಒಂದೇ ಒಂದು ವಾಕ್ಯ ಕಟ್ಟಿ ಅದಕ್ಕೆ 'ಸಾರವಾಕ್ಯ' ಎನ್ನುತ್ತಿದ್ದರು. ಪ್ರಶ್ನೆ ಹೇಗೆ ಬಂದರೂ ಉತ್ತರದ ಮೊದಲಲ್ಲಿ ಆ ವಾಕ್ಯ ಬರೆಯಬೇಕು, ಕೊನೆಯಲ್ಲಿ ಮತ್ತೊಮ್ಮೆ ಬರೆಯಬೇಕು. ಕನ್ನಡ ಉತ್ತರಪತ್ರಿಕೆ ತಿದ್ದುವವರು ಆ ಊರಲ್ಲಿ ಬೆರಳೆಣಿಕೆಯಷ್ಟು ಜನ, ಅವರಿಗೆಲ್ಲ ಶಾಮಣ್ಣನವರೇ ಹಿರಿಯರು. ಹಾಗಾಗಿ ಸಾರವಾಕ್ಯ ಕಂಡರೆ ಅರ್ಧ ಅಂಕ ಖಾತ್ರಿ. ಮಕ್ಕಳು ಅದನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಮಂತ್ರದ ಹಾಗೆ ಉರುಹೊಡೆಯುತ್ತಿದ್ದರು. ಪಾಸಾಗುತ್ತಿದ್ದರು. ಸೇರಿದ ಹೊಸದರಲ್ಲಿ ನಾನೂ ಅದನ್ನೇ ಹೇಳಿಕೊಟ್ಟೆ.

ಒಂದು ವರ್ಷ ಒಂದು ಪದ್ಯವಿತ್ತು. ಸತ್ತ ಮಗುವಿನ ತಲೆಯ ಬಳಿ ದೀಪ ಹಚ್ಚಿಟ್ಟಿದ್ದಾರೆ. ಎಣ್ಣೆ ತೀರುತ್ತ ಬಂದಿದೆ, ಹಾಕು ಎಂದು ನೆರೆಯವರು ತಾಯಿಗೆ ಹೇಳುತ್ತಾರೆ. ಅವಳು ಹಾಕುವುದಿಲ್ಲ. ಹಾಕಿದರೆ ಮಗು ಸತ್ತದ್ದನ್ನು ಒಪ್ಪಿಕೊಂಡ ಹಾಗಲ್ಲವೇ? ಇಷ್ಟೇ ಪದ್ಯ. ಇದಕ್ಕೂ ಶಾಮಣ್ಣನವರ ಸಾರವಾಕ್ಯ, 'ದೀಪವು ಜ್ಞಾನದ ಸಂಕೇತ' ಎಂದು. ಪರೀಕ್ಷೆಯಲ್ಲಿ ಪ್ರಶ್ನೆ ಬಂತು. ತಿದ್ದಲು ಕುಳಿತರೆ ಕಟ್ಟಿಗೆ ಕಟ್ಟೇ ಅದನ್ನು ಬರೆದಿದೆ. ಒಬ್ಬ ಜಾಣನಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 'ಆ ತಾಯಿಗೆ ಜ್ಞಾನ ಬೇಡವಾಗಿತ್ತು, ಆದ್ದರಿಂದ ಎಣ್ಣೆ ಹಾಕಲಿಲ್ಲ' ಎಂದು ಬರೆದಿದ್ದ. ನಾನು ಆ ಹಾಳೆಯನ್ನು ಶಾಮಣ್ಣನವರ ಮುಂದೆ ಹಿಡಿದೆ.

"ಸಾರ್, ಇದಕ್ಕೆ ಎಷ್ಟು ಕೊಡ್ಲಿ?"

ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. "ಸಂಕೇತ ಗುರುತಿಸಿದ್ದಾನಲ್ಲಮ್ಮಾ. ಪೂರ್ತಿ ಕೊಡಿ."

"ಮಗು ಸತ್ತಿರೋದು ಇವನಿಗೆ ಗೊತ್ತೇ ಇಲ್ಲ ಸಾರ್."

"ಅದು ಗೊತ್ತಾಗಿ ಇವನಿಗೇನು ಆಗ್ಬೇಕು? ಹತ್ತೊಂಬತ್ತು ವರ್ಷದ ಹುಡುಗ. ಪಾಸಾಗ್ಲಿ ಬಿಡಿ."

ಪೂರ್ತಿ ಅಂಕ ಕೊಟ್ಟೆ. ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ನನಗೆ ವಿಪರೀತ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಶಾಮಣ್ಣನವರ ಮೇಲೆ ಸಿಟ್ಟಾಗುವುದು ಕಷ್ಟ, ಅವರ ಮಾತಿನಲ್ಲಿ ಕರುಣೆಯೇ ಇತ್ತು.

ನಾಟಕದ ಪಾಠಕ್ಕೆ ನಮ್ಮಲ್ಲಿ ಇನ್ನೊಂದು ಪದ್ಧತಿ. ಪಾತ್ರ ಹಂಚಿ ಓದಿಸುವಾಗ ರಾಜ, ಮಂತ್ರಿ, ಋಷಿ ಇವರೆಲ್ಲ ಮೈಸೂರು ಕಡೆಯವರ ಮಕ್ಕಳಿಗೆ. ದೂತ, ಅಡುಗೆಯವನು, ಕಾವಲುಗಾರ ಇವು ಹೋಟೆಲಿನವರ ಮಕ್ಕಳಿಗೆ. ಸೌಕಾರ್‌ಪೇಟೆಯವರಿಗೆ ಪಾತ್ರವೇ ಇಲ್ಲ, ಅವರು ಪರದೆ ಹಿಡಿಯುವವರ ಲೆಕ್ಕ. ಇದನ್ನು ಯಾರೂ ನಿಯಮವೆಂದು ಬರೆದಿಟ್ಟಿರಲಿಲ್ಲ. ಯಾರ ಬಾಯಲ್ಲಿ ಪುಸ್ತಕದ ಕನ್ನಡ ಚೆನ್ನಾಗಿ ಕೇಳುತ್ತದೋ ಅವರೇ ರಾಜ ಎಂದು ತಾನಾಗಿ ನಡೆದುಕೊಂಡು ಬಂದಿತ್ತು. ಸುಧಾಕರ ಎಂಬ ಹುಡುಗ ಒಮ್ಮೆ ಎದ್ದು ನಿಂತ. ಅವನ ಅಪ್ಪನದು ಸಣ್ಣ ಹೋಟೆಲು.

"ರಾಜ ಅಂದ್ರೆ ಘಟ್ಟದ ಮೇಲಿನವನೇ ಆಗ್ಬೇಕಾ ಮಿಸ್? ನಮ್ಮ ಊರಲ್ಲಿ ಎಂತ ರಾಜರು ಇರ್ಲೇ ಇಲ್ವಾ?"

ಸರಿ, ನೀನೇ ಓದು, ನಿಮ್ಮ ಮನೆ ಮಾತಲ್ಲೇ ಓದು ಎಂದೆ. ರಾಜ ತನ್ನ ತಮ್ಮನನ್ನು ಗಡಿಯಾಚೆ ಅಟ್ಟುವ ದೃಶ್ಯ. ಸುಧಾಕರ ಪುಸ್ತಕ ಪಕ್ಕಕ್ಕಿಟ್ಟು, "ಅವನನ್ನು ಗಡಿ ದಾಟಿಸಿ ಬಿಟ್ಟು ಬನ್ನಿ. ನಂಗೆ ಅವನ ಮುಖ ತೋರಿಸುದು ಬೇಡ" ಎಂದ. ತರಗತಿ ಮೊದಲು ನಕ್ಕಿತು. ಎರಡನೆಯ ಸಾಲಿಗೆ ನಗು ನಿಂತಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಸಣ್ಣಗೆ, "ನಮ್ಮ ದೊಡ್ಡಪ್ಪ ಅಪ್ಪನಿಗೆ ಹೀಗೇ ಹೇಳಿದ್ದು" ಎಂದಳು. ಮನೆಯ ಮಾತಿನಲ್ಲಿ ಕಿವಿಗೆ ಬಿದ್ದರೆ ಸಾಹಿತ್ಯ ಮಕ್ಕಳ ಮೈಮೇಲೇ ಬರುತ್ತದೆ ಎಂದು ನನಗೆ ತಿಳಿದದ್ದು ಅವತ್ತು. ಅದು ಒಳ್ಳೆಯದೆಂದೇ ಅಂದುಕೊಂಡೆ. ಈಗಲೂ ಹಾಗೆಯೇ ಅಂದುಕೊಳ್ಳುತ್ತೇನೆ, ಆದರೆ ಅಷ್ಟು ಸುಲಭವಾಗಿ ಅಲ್ಲ.

ಆ ಹಿಂದಿನ ಬೆಂಚಿನ ಹುಡುಗಿಯೇ ಶೈಲಜಾ. ಇನ್ನು ಮುಂದೆ ಬರುವುದು ಅವಳ ಮನೆಯ ಸಂಗತಿ.

ಆ ವರ್ಷದ ಕಾರ್ತಿಕದ ಮಳೆಗೆ ವೇಲಚೇರಿಯಲ್ಲಿ ನೀರು ನಿಂತಿತು. ಶಾಮಣ್ಣನವರ ಮನೆ ಇದ್ದದ್ದು ಅಲ್ಲೇ, ಕೆಳಗಿನ ಅಂತಸ್ತಿನಲ್ಲಿ. ಜೆರಾಕ್ಸ್ ಮಾಡಿಸಿಟ್ಟಿದ್ದ ನೋಟ್ಸುಗಳೆಲ್ಲ ನೆಂದು ಅಂಟಿಕೊಂಡವು. ಅವರಿಗೆ ಜ್ವರವೂ ಹಿಡಿಯಿತು. ಹಂಚಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮುಂದಿನ ಪಾಠ ಒಂದು ಸಣ್ಣಕಥೆ. ಬೇರೆ ದಾರಿಯಿಲ್ಲದೆ ಕಥೆಯನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದೆ. ನಿಮಗೆ ಇದೇನು ದೊಡ್ಡ ಸುಧಾರಣೆ ಎನಿಸಬಹುದು. ನಮ್ಮಲ್ಲಿ ಅಲ್ಲಿಯವರೆಗೆ ಯಾರೂ ಹಾಗೆ ಮಾಡಿರಲಿಲ್ಲ. ಸಾರವಾಕ್ಯ ಇರುವಾಗ ಕಥೆ ಯಾರಿಗೆ ಬೇಕಿತ್ತು?

ಕಥೆ ಹೀಗಿದೆ. ಪುಟ್ಟಮ್ಮ ಎಂಬವಳು ಮದುವೆಯಾಗಿ ಹತ್ತಿರದ ಊರಿಗೆ ಹೋಗಿದ್ದಾಳೆ. ಒಂದು ದಿನ ಬದನೆಕಾಯಿ ತುಂಬಿದ ಬುಟ್ಟಿ ಹಿಡಿದು ತವರಿಗೆ ಬರುತ್ತಾಳೆ, ಹಿತ್ತಲಲ್ಲಿ ಬಿಟ್ಟಿತ್ತು ಎನ್ನುತ್ತಾಳೆ. ತಾಯಿ ಊಟ ಬಡಿಸುತ್ತಾಳೆ, ತಲೆ ಬಾಚಿ ಜಡೆ ಹೆಣೆಯುತ್ತಾಳೆ, ಅಣ್ಣ ಬಸ್ಸಿಗೆ ಬಿಟ್ಟು ಬರುತ್ತಾನೆ. ಎರಡನೆಯ ಸಲ ಹಿಂದೆಂದೋ ಒಯ್ದಿದ್ದ ಪಾತ್ರೆಯೊಂದನ್ನು ವಾಪಸು ಕೊಡಲು ಬರುತ್ತಾಳೆ. ಅದೇ ಊಟ, ಅದೇ ಜಡೆ, ಅದೇ ಬಸ್ಸು. ಮೂರನೆಯ ಸಲ ಬರಿಗೈಯಲ್ಲಿ ಬರುತ್ತಾಳೆ. ಹೊಸಿಲ ಮೇಲೆ ಕೂರುತ್ತಾಳೆ, ಒಳಗೆ ಬರುವುದಿಲ್ಲ. ತಟ್ಟೆಯನ್ನು ಅಲ್ಲಿಗೇ ತಂದುಕೊಡುತ್ತಾರೆ, ಜಡೆ ಹಾಕುತ್ತಾರೆ, ಕಳಿಸುತ್ತಾರೆ. ಆಮೇಲೆ ತಾಯಿ ತಟ್ಟೆ ತೊಳೆಯಲು ಹೋದರೆ ಅನ್ನ ಹಾಗೇ ಇದೆ. ಅಷ್ಟರಲ್ಲಿ ಜನ ಬಾವಿಯ ಕಡೆ ಓಡುತ್ತಿದ್ದಾರೆ. ಗಂಡ ಹೊಡೆದ ಎಂದು ಕಥೆಯಲ್ಲಿ ಒಂದು ಸಾಲೂ ಇಲ್ಲ. ಎಲ್ಲರೂ ಒಳ್ಳೆಯವರೇ. ಏನಾಯಿತು ಎಂದು ಕೇಳಿದವರು ಮಾತ್ರ ಯಾರೂ ಇಲ್ಲ.

ಶಾಮಣ್ಣನವರು ಈ ಕಥೆಗೆ ಕೊಟ್ಟಿದ್ದ ಸಾರವಾಕ್ಯ ನನಗೆ ಬಾಯಿಪಾಠವಿತ್ತು. 'ಭಾರತೀಯ ನಾರಿಯ ಸಹನೆ ಮತ್ತು ತ್ಯಾಗವೇ ಈ ಕಥೆಯ ಆಶಯ.' ಅದನ್ನು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಬದಲಿಗೆ ಕಥೆ ಕಟ್ಟಿರುವ ರೀತಿ ನೋಡಿ ಎಂದೆ. ಬುಟ್ಟಿ, ಪಾತ್ರೆ, ಬರಿಗೈ. ತರುವುದು ಕಡಿಮೆಯಾಗುತ್ತ ಬರುತ್ತದೆ, ಹೇಳಲಾರದ್ದು ಹೆಚ್ಚುತ್ತ ಹೋಗುತ್ತದೆ. ಮೊದಲನೆಯ ಸಲ ಕಥೆಗಾರ ನಮಗೆ ಪರಿಚಯ ಮಾಡಿಸುತ್ತಾನೆ, ಎರಡನೆಯ ಸಲ ಅಭ್ಯಾಸ ಮಾಡಿಸುತ್ತಾನೆ, ಮೂರನೆಯ ಸಲ ಮುರಿಯುತ್ತಾನೆ. ಜನಪದ ಕಥೆಯಿಂದ ಹಿಡಿದು ಇಲ್ಲಿಯವರೆಗೆ ಮೂರನೆಯ ಸಲವೇ ತಿರುವು ಎಂದು ಹೇಳಿ ಬೋರ್ಡಿನ ಮೇಲೆ ಬರೆದೆ. ಇದು ತಪ್ಪು ಪಾಠವಲ್ಲ. ನೀವೂ ಹೇಳಿಕೊಡುತ್ತೀರಿ, ಹೇಳಿಕೊಡಬೇಕು.

ಶೈಲಜಾ ಕೈ ಎತ್ತಿದಳು. ಅವಳಾಗಿ ಕೈ ಎತ್ತಿದ್ದು ಅದೇ ಮೊದಲು.

"ಮಿಸ್, ಎರಡನೇ ಸಲ ಬಂದಾಗ್ಲೇ ಅವಳನ್ನ ಕೇಳಿದ್ರೆ ಕತೆ ಎಂತ ಆಗ್ತಿತ್ತು?"

"ಕೇಳಿದ್ರೆ ಕಥೆಯೇ ಇರ್ತಿರಲಿಲ್ಲಮ್ಮ" ಎಂದೆ. ಮಕ್ಕಳು ನಕ್ಕರು. ಅವಳು ನಗಲಿಲ್ಲ.

ಗಂಟೆ ಹೊಡೆದ ಮೇಲೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕರೆದು ಕೂರಿಸಿದೆ. ಅಕ್ಕನ ಹೆಸರು ಭಾರತಿ ಎಂದಳು. ಮದುವೆಯಾಗಿ ಒಂದೂವರೆ ವರ್ಷ, ವೇಲಚೇರಿಯ ಹೊಸ ಫ್ಲಾಟಿನಲ್ಲಿ ಮನೆ. ಇವರ ಮನೆ ಕ್ರೋಂಪೇಟೆ, ದೂರವೇನಲ್ಲ. ದೀಪಾವಳಿಗೆ ಮುಂಚೆ ಭಾರತಿ ಒಬ್ಬಳೇ ಒಂದು ಡಬ್ಬಿ ಮೈಸೂರ್‌ಪಾಕು ಹಿಡಿದು ಬಂದಿದ್ದಳಂತೆ. ಆಮೇಲೆ ಒಂದು ದಿನ ತಾಯಿಯ ಟಿಫಿನ್ ಕ್ಯಾರಿಯರ್ ವಾಪಸು ಕೊಡಬೇಕು ಎಂದು ಬಂದಳಂತೆ.

"ಕ್ಯಾರಿಯರ್ ಕೊಡ್ಲಿಕ್ಕೆ ಯಾರಾದ್ರೂ ಅಷ್ಟು ಮಳೆಯಲ್ಲಿ ಬರ್ತಾರಾ ಮಿಸ್? ಅಮ್ಮ ಊಟ ಹಾಕಿದ್ಲು. ತಲೆಗೆ ಎಣ್ಣೆ ಹಾಕಿ ಬಾಚಿದ್ಲು. ನಾನೇ ಬಸ್ಸಿಗೆ ಬಿಟ್ಟು ಬಂದದ್ದು."

"ಅವಳು ಏನಾದ್ರೂ ಹೇಳಿದ್ಳಾ?"

"ಇಲ್ಲ. ಬಸ್ಸು ಬಂದಾಗ ನನ್ನ ಕೈ ಬಿಡ್ಲೇ ಇಲ್ಲ. ಕಂಡಕ್ಟರ್ ಬೈದ."

ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳು, ಇವತ್ತೇ ಹೋಗಿ ಅಕ್ಕನನ್ನು ಕರೆದುಕೊಂಡು ಬರಲಿ ಎಂದು ಹೇಳಿ ಕಳಿಸಿದೆ.

ಮರುದಿನ ಅವಳ ಅಪ್ಪನೇ ಕಾಲೇಜಿಗೆ ಬಂದರು. ಹೆಸರು ವಾಸುದೇವ, ಹೋಟೆಲೊಂದರಲ್ಲಿ ಸೂಪರ್‌ವೈಸರ್. ಬಿಳಿ ಷರಟು, ಜೇಬಿನಲ್ಲಿ ಎರಡು ಪೆನ್ನು. ಮುಖ ಕೆಂಪಾಗಿತ್ತು.

"ಟೀಚರೇ, ನಾವು ಮಗಳನ್ನು ಓದ್ಲಿಕ್ಕೆ ಕಳಿಸುದು. ಮನೆ ವಿಷಯ ಕ್ಲಾಸಲ್ಲಿ ಎಂತಕ್ಕೆ? ನಿನ್ನೆ ರಾತ್ರಿ ಊಟ ಮಾಡ್ಲಿಲ್ಲ ಅವಳು. ಅಕ್ಕ ಸಾಯ್ತಾಳೆ ಅಂತ ಹೇಳ್ತಾಳೆ. ಬಾಯಿಂದ ಬರುವ ಮಾತಾ ಇದು?"

ವಾದ ಮಾಡಲು ಹೋಗಲಿಲ್ಲ. ಪಠ್ಯಪುಸ್ತಕ ತೆಗೆದು ಕಥೆಯ ಪುಟ ಬಿಡಿಸಿ ಅವರ ಮುಂದಿಟ್ಟೆ. ಊರಲ್ಲಿ ಕನ್ನಡ ಶಾಲೆಯಲ್ಲಿ ಓದಿದವರು. ಮಗಳು ಅಕ್ಷರ ಕೂಡಿಸುವುದನ್ನು ನೋಡಿದ್ದ ನನಗೆ ಅವರು ಸರಸರನೆ ಓದುವುದನ್ನು ಕಂಡು ಆಶ್ಚರ್ಯವಾಯಿತು. ಕೊನೆಯ ಪುಟದಲ್ಲಿ ನಿಂತರು. ಹಿಂದಕ್ಕೆ ತಿರುಗಿಸಿ, ಪಾತ್ರೆ ವಾಪಸು ಕೊಡುವ ಭಾಗವನ್ನು ಮತ್ತೊಮ್ಮೆ ಓದಿದರು. ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ. ಆ ಮುಖ ನೋಡಲಾರದೆ ನಾನು ಕಿಟಕಿಯ ಕಡೆ ತಿರುಗಿದೆ.

"ಕತೆ ಸರಿ ಉಂಟು" ಎಂದರು ಕೊನೆಗೆ.

"ಹಾಗಾದ್ರೆ ಹೋಗಿ ಕರ್ಕೊಂಡು ಬನ್ನಿ. ಇವತ್ತೇ ಹೋಗಿ."

"ಹೋಗ್ಲಿಕ್ಕೆ ಆಗುದಿಲ್ಲ ಟೀಚರೇ." ಅವರ ದನಿ ತಗ್ಗಿತ್ತು. "ಅಳಿಯನ ದೊಡ್ಡಪ್ಪನ ಹೋಟೆಲಲ್ಲೇ ನನ್ನ ಕೆಲಸ. ಸಂಬಂಧ ತಂದದ್ದೂ ಅವರೇ. ಹಬ್ಬ ಇಲ್ಲ, ಹರಿದಿನ ಇಲ್ಲ, ಹೋಗಿ ಬಾಗಿಲು ತಟ್ಟಿ ಮಗಳನ್ನು ಕೊಡಿ ಅಂತ ಹೇಗೆ ಕೇಳುದು? ಎಂತಕ್ಕೆ ಅಂದ್ರೆ ಎಂತ ಹೇಳುದು? ಪುಸ್ತಕದಲ್ಲಿ ಓದಿದೆ ಅಂತವಾ?"

"ಫೋನ್ ಮಾಡಿ ಅವಳನ್ನೇ ಕೇಳಿ."

"ಮಾಡಿದೆ. ಅತ್ತೆ ತೆಗಿತಾರೆ. ಪಕ್ಕದಲ್ಲೇ ನಿಂತಿರ್ತಾರೆ. ಆರಾಮ ಇದ್ದೇನೆ ಅಪ್ಪ ಅಂತಾಳೆ." ಪುಸ್ತಕವನ್ನು ಮುಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಅವಳೇ ಬಂದ್ರೆ ಮಾತು ಬೇರೆ. ಬಂದ ಹೆಣ್ಣನ್ನು ಇಟ್ಟುಕೊಂಡ್ರೆ ಯಾರೂ ಕೇಳುವ ಹಾಗಿಲ್ಲ, ಮೈಗೆ ಸರಿ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದೆ. ಕತೆಯಲ್ಲಿ ಹೇಗೂ ಇನ್ನೊಂದು ಸಲ ಬರ್ತಾಳಲ್ಲ? ಪೊಂಗಲಿಗೆ ಬರ್ತಾಳೆ. ಈ ಸಲ ಬಂದ್ರೆ ಕಳಿಸುದಿಲ್ಲ. ಖಂಡಿತ ಕಳಿಸುದಿಲ್ಲ."

"ಅದು ಕಥೆ, ವಾಸುದೇವ ಅವರೇ. ಕಥೆಗಾರ ಬರಿಸಿದ, ಬಂದಳು. ನಿಮ್ಮ ಮಗಳನ್ನ ಬರಿಸೋರು ಯಾರು?"

"ಬರ್ತಾಳೆ" ಎಂದರು ಅವರು. ಪುಸ್ತಕವನ್ನು ಎರಡು ದಿನಕ್ಕೆ ಕೊಡಿ, ಅವಳಮ್ಮನಿಗೆ ಓದಿ ಹೇಳಬೇಕು ಎಂದು ಕೇಳಿ ತೆಗೆದುಕೊಂಡು ಹೋದರು.

ಒಂದು ಕಥೆಯನ್ನು ಆ ಮನೆಯವರಷ್ಟು ಚೆನ್ನಾಗಿ ಓದಿದವರನ್ನು ನಾನು ನನ್ನ ಇಡೀ ಕೆಲಸದಲ್ಲಿ ನೋಡಿಲ್ಲ. ಸಂಜೆ ಅಪ್ಪ ಗಟ್ಟಿಯಾಗಿ ಓದುತ್ತಿದ್ದರಂತೆ, ಅಮ್ಮ ಕೇಳುತ್ತಿದ್ದರಂತೆ. ಪುಟ್ಟಮ್ಮನ ತಾಯಿ ಎಲ್ಲೆಲ್ಲಿ ತಪ್ಪಿದಳು ಎಂದು ಇಬ್ಬರೂ ಲೆಕ್ಕ ಹಾಕಿದರಂತೆ. ಹೊಸಿಲಲ್ಲಿ ಕೂತಾಗಲೇ ಕೈ ಹಿಡಿದು ಒಳಗೆ ಎಳೆದುಕೊಳ್ಳಬೇಕಿತ್ತು, ಜಡೆ ಹಾಕುವಾಗ ಮೈಮೇಲೆ ಗಾಯವಿದೆಯೇ ನೋಡಬೇಕಿತ್ತು, ತಟ್ಟೆ ಹಿಡಿದು ಎದುರಿಗೇ ಕೂರಬೇಕಿತ್ತು. ಇದನ್ನೆಲ್ಲ ಶೈಲಜಾ ನನಗೆ ಬಂದು ಹೇಳುತ್ತಿದ್ದಳು. ಅವಳ ಮುಖದಲ್ಲಿ ಗೆಲುವು ಬಂದಿತ್ತು. ಅಮ್ಮ ನಡುಕೋಣೆಯಲ್ಲಿ ಒಂದು ಮಂಚ ಹಾಕಿಸಿದ್ದಾರೆ, ಅಕ್ಕನಿಗೆಂದು ಹೊಸ ಹೊದಿಕೆ ತಂದಿದ್ದಾರೆ ಎಂದಳು. ಅಕ್ಕ ಬಂದ ಕೂಡಲೇ ಚಪ್ಪಲಿ ಬಚ್ಚಿಡುವುದು ತನ್ನ ಕೆಲಸ ಎಂದು ನಕ್ಕಳು.

ನೀವು ಹೋಗಿ ಕರೆತನ್ನಿ ಎಂದು ನಾನು ಅವಳಿಗೆ ಪ್ರತಿ ಸಲವೂ ಹೇಳಿದೆ. ವಾಸುದೇವ ಅವರ ಹೋಟೆಲಿಗೆ ಫೋನು ಮಾಡಿಯೂ ಹೇಳಿದೆ. "ಪೊಂಗಲಿಗೆ ಮೂರು ದಿವಸ ರಜೆ ಟೀಚರೇ, ಬಂದೇ ಬರ್ತಾಳೆ" ಎಂದರು. ಸುತ್ತ ತಟ್ಟೆ ಲೋಟಗಳ ಸದ್ದು. ಗಟ್ಟಿಯಾಗಿ ಮಾತಾಡಲು ಅವರಿಗೆ ಅಲ್ಲಿ ಸ್ವಾತಂತ್ರ್ಯವಿರಲಿಲ್ಲ.

ಪೊಂಗಲಿಗೆ ಭಾರತಿ ಬರಲಿಲ್ಲ. ಅತ್ತೆ ಮನೆಯವರೆಲ್ಲ ತಿರುಪತಿಗೆ ಹೋಗಿದ್ದಾರೆ ಎಂದು ಯಾರೋ ಹೇಳಿದರಂತೆ. ಬಂದ ಮೇಲೆ ಬರುತ್ತಾಳೆ ಎಂದು ಇವರು ಕಾದರು. ಅದಾದ ವಾರದೊಳಗೆ ಒಂದು ಬೆಳಿಗ್ಗೆ ಸುಧಾಕರ ನನ್ನ ತರಗತಿಯ ಬಾಗಿಲಿಗೆ ಬಂದು ನಿಂತ. "ಶೈಲಜಾಳ ಅಕ್ಕ ತೀರಿಹೋದ್ರಂತೆ ಮಿಸ್" ಎಂದ. ತಾನಾಗಿ ಹೋದಳೋ, ಕಳಿಸಿದರೋ ಇವತ್ತಿಗೂ ಗೊತ್ತಿಲ್ಲ. ಪೊಲೀಸರು ಒಂದು ಬರೆದುಕೊಂಡರು, ಫ್ಲಾಟಿನ ಅಕ್ಕಪಕ್ಕದವರು ಬೇರೊಂದು ಹೇಳಿದರು. ಆಮೇಲೆ ಅವರೂ ಹೇಳುವುದನ್ನು ನಿಲ್ಲಿಸಿದರು.

ನಾನು ಲೋಕಲ್ ರೈಲು ಹಿಡಿದು ಕ್ರೋಂಪೇಟೆಗೆ ಹೋದೆ. ಚರ್ಮ ಹದಮಾಡುವ ವಾಸನೆ ಆ ಬೀದಿಯವರೆಗೂ ಬರುತ್ತಿತ್ತು. ಮನೆ ತುಂಬ ಜನ, ನಡುಕೋಣೆಯಲ್ಲಿ ಮಂಚ, ಮಂಚದ ಮೇಲೆ ಮಡಿಕೆ ಬಿಚ್ಚದ ಹೊದಿಕೆ. ಅದರ ಮೇಲೆ ಯಾರೂ ಕೂತಿರಲಿಲ್ಲ, ಎಲ್ಲರೂ ನೆಲದಲ್ಲಿದ್ದರು. ವಾಸುದೇವ ನನ್ನನ್ನು ಕಂಡು ಎದ್ದು ನಿಂತು ಕೈ ಮುಗಿದರು. ತಾಯಿ ಗೋಡೆಗೆ ಒರಗಿ ಕೂತಿದ್ದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ಪಕ್ಕದಲ್ಲಿ ಹೋಗಿ ಕೂತೆ. ನಾನು ಯಾರೆಂದು ಶೈಲಜಾ ಹೇಳಿದಳು. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಬೈಯಲಿ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಮಗು ಕೇಳುವ ಹಾಗೆ ಕೇಳಿದರು.

"ಟೀಚರೇ, ಮೂರನೇ ಸಲ ಬರ್ತಾಳೆ ಅಂತ ಉಂಟಲ್ದಾ?"

ನಾನು ಅವರ ಕೈ ಹಿಡಿದುಕೊಂಡು ಅತ್ತೆ. ಇಷ್ಟು ವರ್ಷವಾದರೂ ಅದಕ್ಕೆ ಬೇರೆ ಉತ್ತರ ಹೊಳೆದಿಲ್ಲ.

ಇದು ಪ್ರಿನ್ಸಿಪಾಲರ ಕಿವಿಗೂ ಬಿತ್ತು. ಕನ್ನಡ ತರಗತಿಯಲ್ಲಿ ಮನೆ ಮುರಿಯುವ ಪಾಠ ನಡೆಯುತ್ತದೆ ಎಂದು ಯಾರೋ ದೂರು ಹೇಳಿದ್ದರು. ಅಳಿಯನ ಕಡೆಯವರೇ ಇರಬೇಕು, ನನಗೆ ಅನುಮಾನವಿಲ್ಲ. ಜ್ವರ ಬಿಟ್ಟು ಮತ್ತೆ ಕೆಲಸಕ್ಕೆ ಬರುತ್ತಿದ್ದ ಶಾಮಣ್ಣನವರನ್ನು ಕರೆಸಿದರು. ಅವರು ನನ್ನ ಪರವಾಗಿಯೇ ಮಾತಾಡಿದರು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ನಿಂತು, "ನೋಡಮ್ಮಾ ವಸುಮತಿ, ನಾನು ಆ ಒಂದೊಂದು ವಾಕ್ಯ ಯಾಕೆ ಕಟ್ಟಿಕೊಡ್ತಿದ್ದೆ ಅಂತ ಈಗ ಗೊತ್ತಾಯ್ತಾ? ಕಥೆಗೆ ಮುಚ್ಚಳ ಬೇಕು. ಇಲ್ಲದಿದ್ರೆ ಉಕ್ಕುತ್ತೆ" ಎಂದರು.

"ಮುಚ್ಚಳ ಹಾಕಿದ್ರೆ ಭಾರತಿ ಬದುಕ್ತಿದ್ಳಾ ಸಾರ್?"

"ಇಲ್ಲ" ಎಂದರು. "ಆದ್ರೆ ಆ ಮನೆಯವರು ಎಲ್ಲಾ ಗೊತ್ತಿದ್ದೂ ಕಾದ್ವಿ ಅಂತ ಜೀವನವೆಲ್ಲ ಕೊರಗೋದು ತಪ್ತಿತ್ತು."

ಆ ಮಾತಿಗೆ ನಾನು ಅವರ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟೆ. ಈಗ ಅವರಿಲ್ಲ. ಅವರು ಹೇಳಿದ್ದು ಪೂರ್ತಿ ಸುಳ್ಳು ಎಂದು ಹೇಳುವ ಧೈರ್ಯ ನನಗಿಲ್ಲ, ಸರಿ ಎಂದು ಒಪ್ಪುವ ಮನಸ್ಸೂ ಇಲ್ಲ. ತಿಳಿದು ಕೊರಗುವುದಕ್ಕಿಂತ ತಿಳಿಯದಿರುವುದು ಮೇಲು ಎಂದಾದರೆ ನಮ್ಮ ಕೆಲಸವಾದರೂ ಏನು?

ಶೈಲಜಾ ಪರೀಕ್ಷೆಗೆ ಬಂದಳು. ಆ ಕಥೆಯ ಮೇಲೆ ಪ್ರಶ್ನೆ ಬಂದಿತ್ತು, ಪುಟ್ಟಮ್ಮನ ಸಹನೆಯನ್ನು ವಿವರಿಸಿರಿ ಎಂದು. ಅವಳು ಅದನ್ನು ಬಿಟ್ಟು ಪಕ್ಕದ ಪದ್ಯದ ಪ್ರಶ್ನೆಗೆ ಬರೆದಳು. ಪಾಸಾದಳು. ಅಕೌಂಟ್ಸ್ ಕೆಲಸಕ್ಕೆ ಸೇರಿ, ತಂದೆಯನ್ನು ಆ ಹೋಟೆಲಿನಿಂದ ಬಿಡಿಸಿದಳು ಎಂದು ಸುಧಾಕರ ಹೇಳಿದ. ನನ್ನನ್ನು ನೋಡಲು ಅವಳು ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಕಥೆ ಮಾತ್ರ ಪಠ್ಯದಲ್ಲೇ ಉಳಿಯಿತು. ಮತ್ತೆ ಮತ್ತೆ ಅದನ್ನು ಪಾಠ ಮಾಡಬೇಕಾಯಿತು. ನಾನು ಮಾಡುವ ರೀತಿ ಬದಲಾಯಿತು. ಬುಟ್ಟಿ ಹಿಡಿದು ಬರುವ ಮೊದಲನೆಯ ಭೇಟಿಯನ್ನು ಓದುತ್ತಿದ್ದೆ, ತಾಯಿ ಊಟಕ್ಕೆ ಬಡಿಸಿದಲ್ಲಿಗೆ ಪುಸ್ತಕ ಮುಚ್ಚುತ್ತಿದ್ದೆ. ಈಗ ಏನು ಮಾಡಬೇಕು, ಹೇಳಿ ಎನ್ನುತ್ತಿದ್ದೆ. ಆಶಯ ಬೇಡ, ಸಂಕೇತ ಬೇಡ, ಈಗ ಏನು ಮಾಡಬೇಕು? ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬದನೆಕಾಯಿ ತಂದವಳಿಗೆ ಏನು ಮಾಡುವುದಿದೆ? ಯಾರೂ ಏನೂ ಹೇಳದಿದ್ದರೆ ನಾನು ಮುಂದಕ್ಕೆ ಹೋಗುತ್ತಿರಲಿಲ್ಲ. ಮರುದಿನ ಬಂದು ಮತ್ತೆ ಮೊದಲನೆಯ ಭೇಟಿಯನ್ನೇ ಓದುತ್ತಿದ್ದೆ. ಪಾಠ ಮುಗಿಯುತ್ತಿಲ್ಲ ಎಂದು ದೂರು ಹೋಗುತ್ತಿತ್ತು. ಹೋಗಲಿ ಎಂದು ಬಿಟ್ಟೆ.

ಶಾಲೆಗಳಲ್ಲಿ ತಮಿಳು ಕಡ್ಡಾಯವಾಗುತ್ತ ಬಂದ ಹಾಗೆ ನಮ್ಮಲ್ಲಿಗೆ ಬರುವ ಮಕ್ಕಳು ಕರಗುತ್ತ ಹೋದರು. ನನ್ನ ಕೊನೆಯ ವರ್ಷದಲ್ಲಿ ತರಗತಿಯಲ್ಲಿದ್ದವರು ಒಂದು ಬೆಂಚಿನಷ್ಟು. ಅವರಿಗೂ ಅದೇ ಕಥೆ. ಮೊದಲನೆಯ ಭೇಟಿಯನ್ನು ಒಂದು ದಿನ ಓದಿದೆ, ಮರುದಿನ ಓದಿದೆ, ಅದರ ಮರುದಿನವೂ ಓದಿದೆ. ಪುಸ್ತಕ ಮುಚ್ಚಿ ಕಾದೆ. ಸೌಕಾರ್‌ಪೇಟೆಯ ಒಬ್ಬಳು ಹುಡುಗಿ ಇದ್ದಳು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು. ಅವಳಿಗೆ ನನ್ನ ಮೇಲೆ ಸಿಟ್ಟೇ ಬಂದಿರಬೇಕು. ಎದ್ದು ನಿಂತು, "ಅನುಪ್ಪಾದೀಂಗ ಮಿಸ್! ಅವಳನ್ನ ಅನುಪ್ಪಾದೀಂಗ!" ಎಂದಳು. ಕಳಿಸಬೇಡಿ ಎಂದು.

ಸರಿಯಾದ ಉತ್ತರ, ಕೂತ್ಕೊಳಮ್ಮ ಎಂದೆ. ನನಗೆ ಬೇಕಾದದ್ದು ಸಿಕ್ಕಿತ್ತು, ಇನ್ನು ಮುಂದಕ್ಕೆ ಓದಬಹುದಾಗಿತ್ತು. ಪುಸ್ತಕ ತೆರೆದು ಪುಟ ತಿರುಗಿಸಿದೆ. ಅಲ್ಲಿ ತಾಯಿ ಆಗಲೇ ಜಡೆ ಹೆಣೆದು ಮುಗಿಸಿದ್ದಳು, ಅಣ್ಣ ಬಸ್ಸಿಗೆ ಬಿಡಲು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದಿದ್ದ.